ಬಂಡೆ, ಮದ್ದು, ಅರ್ಜಿ

ಸಂಜೆ ನಾಲ್ಕು ಗಂಟೆಗೆ ನಮ್ಮ ಬಡಾವಣೆಯ ಅಡುಗೆಮನೆಗಳಲ್ಲಿ ಪಾತ್ರೆಗಳು ತಾವಾಗಿಯೇ ಸದ್ದು ಮಾಡುತ್ತಿದ್ದ ಕಾಲವೊಂದಿತ್ತು. ಮೊದಲು ನೆಲದೊಳಗಿಂದ ಒಂದು ಗುದ್ದು. ಅದರ ಬೆನ್ನಿಗೇ ಕಿಟಕಿಯ ಗಾಜುಗಳ ನಡುಕ. ಆಮೇಲೆ ಗೂಡಿನಲ್ಲಿ ಜೋಡಿಸಿಟ್ಟ ಲೋಟಗಳ ಕಿಣಿಕಿಣಿ. ಬೀದಿಯ ಕೊನೆಯ ನಿವೇಶನದಲ್ಲಿ ಎಂಟು ಅಂತಸ್ತಿನ ಕಟ್ಟಡಕ್ಕೆಂದು ತಳಪಾಯ ತೋಡುತ್ತಿದ್ದರು. ಹತ್ತು ಅಡಿ ಮಣ್ಣು ತೆಗೆದ ಮೇಲೆ ಬಂಡೆ ಎದುರಾಯಿತು. ಬಂಡೆಗೆ ಕುಳಿ ಕೊರೆದರು, ಮದ್ದು ತುಂಬಿದರು, ಸಿಡಿಸಿದರು. ಹೀಗೆ ಸುಮಾರು ಎರಡು ತಿಂಗಳು ನಡೆಯಿತು. ತೊಟ್ಟಿಲಲ್ಲಿ ಮಲಗಿದ್ದ ಕೂಸುಗಳು ಬೆಚ್ಚಿ ಅತ್ತವು. ಮುದುಕರು ಜಗಲಿಗೆ ಬಂದು ನಿಂತರು. ಗೋಡೆಯ ಮೇಲೆ ಕಂಡ ಪ್ರತಿಯೊಂದು ಗೆರೆಯೂ ಬಿರುಕೋ, ಬರಿಯ ಸುಣ್ಣದ ಗೆರೆಯೋ ಎಂದು ಜನ ಬೆರಳಾಡಿಸಿ ನೋಡಿದರು.

ನಮ್ಮ ಮನೆಯಿಂದ ಮೂರನೆಯ ಮನೆ ಒಬ್ಬ ನಿವೃತ್ತ ಹೆಡ್‌ಮಾಸ್ತರರದು. ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದವರು. ಅವರೇ ಮುಂದಾಗಿ ಒಂದು ಅರ್ಜಿ ಬರೆದು, ಬೀದಿಯವರೆಲ್ಲರ ಸಹಿ ಹಾಕಿಸಿ, ಸ್ಥಳೀಯ ಸಂಸ್ಥೆಯ ಕಚೇರಿಗೆ ಕೊಟ್ಟು, ಸ್ವೀಕೃತಿಯ ಮೊಹರನ್ನೂ ಒತ್ತಿಸಿಕೊಂಡು ಬಂದರು. ಐದು ವಾರದ ಮೇಲೆ ಉತ್ತರ ಬಂತು. ಅದನ್ನು ಹಿಡಿದುಕೊಂಡು ಅವರು ನಮ್ಮ ಮನೆಗೆ ಬಂದರು. "ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದೆ. ಅಗತ್ಯ ಕ್ರಮ ಕೈಗೊಳ್ಳುವಂತೆ ಸಂಬಂಧಪಟ್ಟವರಿಗೆ ಸೂಚಿಸಲಾಗಿದೆ" ಎಂದು ಅದರಲ್ಲಿತ್ತು.

"ನೀವು ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವರು, ಮೇಷ್ಟ್ರೇ. ಈ ಎರಡು ವಾಕ್ಯಗಳಲ್ಲಿ ಕರ್ತೃಪದ ಎಲ್ಲಿದೆ, ಹುಡುಕಿಕೊಡಿ ನೋಡೋಣ" ಎಂದರು.

ನಾನು ಹುಡುಕಿದೆ. ಇರಲಿಲ್ಲ. ಪರಿಶೀಲಿಸಿದವರು ಯಾರು? ಸೂಚಿಸಿದವರು ಯಾರು? "ಸಂಬಂಧಪಟ್ಟವರು" ಎಂದರೆ ಯಾರು? ವಾಕ್ಯದಲ್ಲಿ ಕರ್ಮವಿದೆ, ಕ್ರಿಯೆಯಿದೆ. ಮಾಡಿದವನು ಮಾತ್ರ ಇಲ್ಲ. ನಮ್ಮ ಆಡುಮಾತು ಇಂಥ ಪ್ರಯೋಗವನ್ನು ಸಹಿಸುವುದಿಲ್ಲ. "ಅಮ್ಮನಿಂದ ಅನ್ನ ಬಡಿಸಲ್ಪಟ್ಟಿತು" ಎಂದು ಯಾವ ಮಗುವೂ ಹೇಳುವುದಿಲ್ಲ. "ಅಮ್ಮ ಬಡಿಸಿದಳು" ಎನ್ನುತ್ತದೆ. ಕಚೇರಿಯ ಕನ್ನಡಕ್ಕೆ ಮಾತ್ರ ಕರ್ತೃವಿಲ್ಲದೆ ನಡೆಯುವ ಕ್ರಿಯೆ ಬಲು ಪ್ರಿಯ. ಇದನ್ನು ಬರಿಯ ಭಾಷೆಯ ದೋಷವೆಂದು ನಾನು ಬಹುಕಾಲ ತಿಳಿದಿದ್ದೆ. ಆದರೆ ಸಿಡಿಮದ್ದಿನ ಈ ಪ್ರಕರಣವನ್ನು ಸ್ವಲ್ಪ ಆಳಕ್ಕೆ ಹೋಗಿ ನೋಡಿದಾಗ ತಿಳಿದದ್ದು ಬೇರೆ. ಆ ವಾಕ್ಯ ಸುಳ್ಳು ಹೇಳುತ್ತಿರಲಿಲ್ಲ. ಆಡಳಿತದಲ್ಲಿಯೇ ಕರ್ತೃಸ್ಥಾನ ಬರಿದಾಗಿತ್ತು. ವಾಕ್ಯ ಅದನ್ನು ಪ್ರಾಮಾಣಿಕವಾಗಿ ತೋರಿಸುತ್ತಿತ್ತು.

ಮೊದಲು ನೆಲದ ವಿಚಾರ. ದಕ್ಷಿಣ ಕರ್ನಾಟಕದ ಬಹುಭಾಗ ಮೇಲುಮಣ್ಣಿನ ಕೆಳಗೆ ಗಟ್ಟಿ ಬಂಡೆಯೇ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಹಿಂದೆ ಒಂದೋ ಎರಡೋ ಅಂತಸ್ತಿನ ಮನೆಗೆ ನಾಲ್ಕೈದು ಅಡಿಯ ಪಾಯ ಸಾಕಾಗಿತ್ತು. ಬಂಡೆ ಸಿಕ್ಕಿದರೆ ಪಾಯ ಭದ್ರವಾಯಿತೆಂದು ಜನ ಸಂತೋಷಪಡುತ್ತಿದ್ದರು. ಈಗ ಎತ್ತರದ ಕಟ್ಟಡ ಬೇಕು. ಅದರ ಕೆಳಗೆ ವಾಹನಗಳನ್ನು ನಿಲ್ಲಿಸಲು ಎರಡು ಮೂರು ನೆಲಮಾಳಿಗೆ ಬೇಕು. ಹಾಗಾಗಿ ಅಂದು ಆಸರೆಯಾಗಿದ್ದ ಬಂಡೆಯೇ ಇಂದು ಅಡ್ಡಿಯಾಗಿದೆ. ಹಳೆಯ ಕಲ್ಲುಕುಟಿಗರು ಬೆಂಕಿಯಿಂದ ಕಾಯಿಸಿ, ಉಳಿಯಿಂದ ಗುಳಿ ಕೊರೆದು, ಬೆಣೆ ಹೊಡೆದು ಬಂಡೆಯನ್ನು ಸೀಳುತ್ತಿದ್ದರು. ಅದಕ್ಕೆ ತಾಳ್ಮೆ ಬೇಕಾಗಿತ್ತು, ದಿನಗಳು ಬೇಕಾಗಿದ್ದವು. ಮದ್ದಿಗೆ ಒಂದು ಕ್ಷಣ ಸಾಕು.

ಆ ಒಂದು ಕ್ಷಣದಲ್ಲಿ ನಡೆಯುವುದೇನು? ಕುಳಿಯೊಳಗಿನ ಸ್ಫೋಟಕ ಉರಿದು ಹಬೆಯಾಗಿ ಹಿಗ್ಗಿ ಬಂಡೆಯನ್ನು ಒಡೆಯುತ್ತದೆ. ಆದರೆ ಅದರ ಶಕ್ತಿಯೆಲ್ಲ ಒಡೆಯುವುದರಲ್ಲಿಯೇ ಮುಗಿಯುವುದಿಲ್ಲ. ಒಂದು ಪಾಲು ನೆಲದಲ್ಲಿ ಅಲೆಯಾಗಿ ಹರಿಯುತ್ತದೆ. ಇನ್ನೊಂದು ಪಾಲು ಗಾಳಿಯಲ್ಲಿ ಒತ್ತಡವಾಗಿ ಹೊರಡುತ್ತದೆ. ಮುಚ್ಚಿಗೆ ಸರಿಯಿಲ್ಲದಿದ್ದರೆ ಕಲ್ಲಿನ ಚೂರುಗಳು ಹಾರುತ್ತವೆ. ಎಲ್ಲ ಕುಳಿಗಳನ್ನೂ ಒಟ್ಟಿಗೆ ಸಿಡಿಸದೆ, ಸೆಕೆಂಡಿನ ಸಾವಿರ ಪಾಲಿನಲ್ಲಿ ಇಪ್ಪತ್ತೋ ಮೂವತ್ತೋ ಪಾಲಿನಷ್ಟು ಅಂತರವಿಟ್ಟು ಒಂದೊಂದಾಗಿ ಸಿಡಿಸಿದರೆ ನೆಲದ ಅಲೆ ತಗ್ಗುತ್ತದೆ. ಒಂದು ಸಲಕ್ಕೆ ಸಿಡಿಯುವ ಮದ್ದಿನ ತೂಕ ಎಷ್ಟು, ಮನೆ ಎಷ್ಟು ದೂರ ಎಂಬ ಎರಡು ಅಂಶಗಳೇ ಇಲ್ಲಿ ಮುಖ್ಯ. ಮರಳು ಚೀಲ, ಕಬ್ಬಿಣದ ಬಲೆ, ರಬ್ಬರಿನ ಹಾಸುಗಳಿಂದ ಮುಚ್ಚಿದರೆ ಕಲ್ಲು ಹಾರುವುದಿಲ್ಲ. ಇವೆಲ್ಲ ಬಲ್ಲವರಿಗೆ ಹೊಸ ವಿದ್ಯೆಯಲ್ಲ.

ಅಳತೆಯೂ ಇದೆ. ಗಣಿ ಸುರಕ್ಷತೆಯ ಕೇಂದ್ರ ಮಹಾನಿರ್ದೇಶನಾಲಯ 1997ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಬೇರೆಯವರಿಗೆ ಸೇರಿದ ವಾಸದ ಮನೆಗಳ ಬಳಿ ನೆಲ ಅಲುಗುವ ಗರಿಷ್ಠ ವೇಗ, ಸೆಕೆಂಡಿಗೆ 8 ಸಲಕ್ಕಿಂತ ಕಡಮೆ ಆವರ್ತದ ಕಂಪನವಾದರೆ 5 ಮಿಲಿಮೀಟರನ್ನು ಮೀರಕೂಡದು. 8ರಿಂದ 25ರವರೆಗಿನ ಆವರ್ತವಾದರೆ 10 ಮಿಲಿಮೀಟರ್. ಅದಕ್ಕೂ ಮೇಲಾದರೆ 15. ಐತಿಹಾಸಿಕ ಕಟ್ಟಡಗಳಿಗೆ ಇನ್ನೂ ಬಿಗಿಯಾದ ಮಿತಿ: 2, 5 ಮತ್ತು 10. ಇದು ಗಣಿಗಳಿಗಾಗಿ ಮಾಡಿದ ನಿಯಮವಾದರೂ ಕಟ್ಟಡದ ಕಾಮಗಾರಿಯವರೂ ಸಾಮಾನ್ಯವಾಗಿ ಇದನ್ನೇ ಆಧಾರವಾಗಿ ಹಿಡಿಯುತ್ತಾರೆ. ಈ ವೇಗವನ್ನು ಅಳೆಯುವ ಯಂತ್ರವನ್ನು ಒಬ್ಬನೇ ಎತ್ತಿಕೊಂಡು ಹೋಗಬಹುದು. ಯಾರ ಜಗಲಿಯ ಮೇಲೆ ಬೇಕಾದರೂ ಇಡಬಹುದು.

ಇಲ್ಲಿ ಎರಡು ಪಕ್ಷಗಳ ವಾದವನ್ನೂ ನ್ಯಾಯವಾಗಿ ಕೇಳಬೇಕು. ಮನೆಗೆ ಹಾನಿ ಮಾಡುವ ಕಂಪನಕ್ಕಿಂತ ಎಷ್ಟೋ ಕಡಮೆಯ ಕಂಪನವನ್ನು ಮನುಷ್ಯನ ಮೈ ಗುರುತಿಸುತ್ತದೆ. ಕಿಟಕಿ ನಡುಗಿದ ಮಾತ್ರಕ್ಕೆ ಗೋಡೆ ಸೀಳಿತೆಂದು ಅರ್ಥವಲ್ಲ. ಬೇಸಗೆಯ ಬಿಸಿ, ಮಳೆಗಾಲದ ತೇವ, ಗಾರೆಯ ಕುಗ್ಗುವಿಕೆ, ದುರ್ಬಲವಾದ ಪಾಯ ಇವುಗಳಿಂದಲೂ ಬಿರುಕು ಬರುತ್ತದೆ. ಎಷ್ಟೋ ಮನೆಗಳಲ್ಲಿ ಆ ಬಿರುಕು ಹಿಂದೆಯೇ ಇದ್ದು, ಸಿಡಿತದ ದಿನ ಮೊದಲ ಸಲ ಕಣ್ಣಿಗೆ ಬಿದ್ದಿರುತ್ತದೆ. ಇದು ಎಂಜಿನಿಯರುಗಳ ಮಾತು, ಸುಳ್ಳಲ್ಲ. ಆದರೆ ಈ ಮಾತನ್ನು ಕವಚವಾಗಿ ತೊಟ್ಟು, ಬಂದ ದೂರುಗಳನ್ನೆಲ್ಲ "ಜನರ ಭ್ರಮೆ" ಎಂದು ತಳ್ಳಿಹಾಕುವುದು ಬೇರೆ. ಬಿರುಕು ಹಳೆಯದೆಂದು ಹೇಳಬೇಕಾದವನು ಸಿಡಿತಕ್ಕೆ ಮುಂಚೆ ಬಂದು ಗೋಡೆಯನ್ನು ನೋಡಿ, ಚಿತ್ರ ತೆಗೆದು, ಮನೆಯವರ ಸಹಿ ಪಡೆದಿರಬೇಕು. ಆಗ ಬಾರದವನು ಆಮೇಲೆ ಬಂದು "ಇದು ಹಳೆಯದು" ಎಂದರೆ ಅದೂ ಭ್ರಮೆಯೇ. ನೋಡದವನ ಮಾತು ಎರಡು ಕಡೆಯಲ್ಲಿಯೂ ಒಂದೇ ಬೆಲೆಯದು.

ಹಾಗಾದರೆ ಮುಂಚೆ ಬರಬೇಕಾದವರು ಯಾರು? ಸ್ಫೋಟಕಗಳ ಮಾತು ಬಂದಾಗ 1884ರ ಸ್ಫೋಟಕ ಕಾಯಿದೆ ಇದೆ. ಅದರಡಿಯ 2008ರ ನಿಯಮಗಳಿವೆ. ಇದರ ಮುಖ್ಯ ಅಧಿಕಾರ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯದು. ಜೊತೆಗೆ ಜಿಲ್ಲಾಡಳಿತದ ನಿರಾಕ್ಷೇಪಣೆಯ ಮಾತೂ ಬರುತ್ತದೆ. ಕಲ್ಲುಗಣಿಯಾದರೆ ಗುತ್ತಿಗೆ ಕೊಡುವುದು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಹೊಗೆ, ಧೂಳು, ಸದ್ದುಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿ. ಕಳುವಾದ ಮದ್ದಿಗೆ, ಅಕ್ರಮ ದಾಸ್ತಾನಿಗೆ ಪೊಲೀಸರು. ಊರಿನ ಪಂಚಾಯಿತಿಗೆ, ಪುರಸಭೆಗೆ ಉಳಿಯುವುದು ಕಟ್ಟಡದ ಪರವಾನಗಿ ಮಾತ್ರ. ಆ ಪರವಾನಗಿಯ ನಕ್ಷೆಯಲ್ಲಿ ನೆಲಮಾಳಿಗೆಯ ಉದ್ದಗಲ ಇರುತ್ತದೆ. ಅಲ್ಲಿರುವ ಬಂಡೆಯನ್ನು ಹೇಗೆ ತೆಗೆಯುತ್ತೀರಿ ಎಂಬ ಪ್ರಶ್ನೆ ಸಾಮಾನ್ಯವಾಗಿ ಬರುವುದೇ ಇಲ್ಲ.

ನಮ್ಮ ಹೆಡ್‌ಮಾಸ್ತರರು ಈ ಪ್ರದಕ್ಷಿಣೆಯನ್ನೆಲ್ಲ ಮಾಡಿದರು. ಸ್ಥಳೀಯ ಕಚೇರಿಯ ಗುಮಾಸ್ತೆ, "ಮದ್ದಿನ ವಿಚಾರ ನಮ್ಮದಲ್ಲ ಸಾರ್, ಪೊಲೀಸರನ್ನು ಕೇಳಿ" ಎಂದರು. ಪೊಲೀಸರು, "ಲೈಸೆನ್ಸ್ ಇದೆಯಂತೆ, ಇನ್ನೇನು ಮಾಡೋದು ಮೇಷ್ಟ್ರೇ?" ಎಂದರು. ಲೈಸೆನ್ಸ್ ಕೊಟ್ಟವರು ಇನ್ನೊಂದು ಊರಿನಲ್ಲಿದ್ದರು. ಹೇಳಿದವರೆಲ್ಲರೂ ಒಂದು ಅರ್ಥದಲ್ಲಿ ನಿಜವನ್ನೇ ಹೇಳಿದರು. ಪ್ರತಿಯೊಬ್ಬರ ಕೈಯಲ್ಲಿಯೂ ಅಧಿಕಾರದ ಒಂದು ತುಂಡಿದೆ; ತುಂಡುಗಳನ್ನು ಸೇರಿಸಿ ಒಂದು ಉತ್ತರವನ್ನು ಮಾಡುವ ಕೆಲಸ ಯಾರದ್ದೂ ಅಲ್ಲ. ಮನೆ ಮಾತ್ರ ಇಡಿಯಾಗಿ ಒಬ್ಬರದು.

ದೂರು ಕೇಳಿಸದೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ಮಂಡ್ಯ ಜಿಲ್ಲೆಯ ನಿದರ್ಶನ ನಮ್ಮ ಕಣ್ಣ ಮುಂದಿದೆ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲುಗಣಿಗಳ ಸಿಡಿತದ ಬಗೆಗೆ ಸುತ್ತಲಿನವರು ವರ್ಷಗಟ್ಟಲೆ ದೂರಿದರು. ಅವರ ಆತಂಕ ತಮ್ಮ ಮನೆಯದು ಮಾತ್ರವಲ್ಲ, ಕೃಷ್ಣರಾಜಸಾಗರದ ಅಣೆಕಟ್ಟಿನದೂ ಹೌದು. 2018ರ ಸೆಪ್ಟೆಂಬರಿನಲ್ಲಿ ಆ ಪ್ರದೇಶದಲ್ಲಿ ಕೇಳಿಬಂದ ಭಾರಿ ಸದ್ದನ್ನು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರಗಳು ದಾಖಲಿಸಿದವು. ಅದು ಕಲ್ಲುಗಣಿಯ ಸಿಡಿತದ್ದೆಂದೂ ಅದರಿಂದ ಅಣೆಕಟ್ಟಿಗೆ ಅಪಾಯವಾಗಬಹುದೆಂದೂ ಕೇಂದ್ರ ವರದಿ ಮಾಡಿತು. ಜನ ಹೇಳುತ್ತಿದ್ದುದನ್ನೇ ಯಂತ್ರವೂ ಹೇಳಿತು. 2022ರ ಜುಲೈನಲ್ಲಿ ಪರೀಕ್ಷೆಗೆಂದು ಸಿಡಿತ ನಡೆಸಲು ತಜ್ಞರು ಬಂದಾಗ ರೈತರು ಅದನ್ನು ತಡೆದರು. ಕೊನೆಗೆ 2024ರ ಜನವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಅಣೆಕಟ್ಟಿನ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿ ಆದೇಶವಿತ್ತಿತು. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ವಿಜ್ಞಾನದ ಪರೀಕ್ಷೆಯನ್ನೇ ರೈತರು ಏಕೆ ತಡೆದರು? ಅಜ್ಞಾನದಿಂದ ಎಂದು ಹೇಳುವುದು ಸುಲಭ. ಆದರೆ ಬಹುಕಾಲ ಕೇಳದೆ ಇದ್ದವರು ಒಂದು ದಿನ ಯಂತ್ರ ಹಿಡಿದು ಬಂದರೆ, ಆ ಯಂತ್ರ ಯಾರ ಪರವಾಗಿ ಅಳೆಯುತ್ತದೆ ಎಂಬ ಸಂಶಯ ಹುಟ್ಟುವುದು ಸಹಜ. ನಂಬಿಕೆ ಹೋದ ಮೇಲೆ ಅಳತೆಗೂ ಬೆಲೆಯಿರುವುದಿಲ್ಲ.

ಇನ್ನೊಂದು ನಿದರ್ಶನ ಹೆಚ್ಚು ದಾರುಣ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿಯ ಹುಣಸೋಡಿನ ಕಲ್ಲುಗಣಿಯಲ್ಲಿ ಸ್ಫೋಟಕಗಳು ಸಿಡಿದು ಕೂಲಿಕಾರರು ಸತ್ತರು. ನೆರೆಯ ಚಿಕ್ಕಮಗಳೂರು ಜಿಲ್ಲೆಯವರೆಗೂ ನೆಲ ನಡುಗಿತು. ಭೂಕಂಪವೆಂದು ತಿಳಿದು ಜನ ಮನೆಯಿಂದ ಹೊರಗೆ ಓಡಿಬಂದರು. ಒಂದು ತಿಂಗಳು ಕಳೆದು ಫೆಬ್ರವರಿ 23ರ ವೇಳೆಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಇನ್ನೊಂದು ಸ್ಫೋಟವಾಗಿ ಆರು ಮಂದಿ ಮಡಿದರು. ಎರಡೂ ಕಡೆ ಆದದ್ದು ನಿತ್ಯದ ಸಿಡಿತವಲ್ಲ, ಮದ್ದಿನ ದಾಸ್ತಾನು ಮತ್ತು ಸಾಗಣೆಗೆ ಸಂಬಂಧಿಸಿದ ಅನಾಹುತ. ಆದರೂ ಇವು ನಮ್ಮ ವಿಷಯಕ್ಕೆ ದೂರವಲ್ಲ. ಒಂದು ಊರಿಗೆ ಎಷ್ಟು ಮದ್ದು ಬರುತ್ತದೆ, ಎಲ್ಲಿ ಇಡುತ್ತಾರೆ, ಯಾರು ಸಿಡಿಸುತ್ತಾರೆ ಎಂಬುದು ಆ ಊರಿನವರಿಗೆ ಸತ್ತ ಮೇಲೆ ಪತ್ರಿಕೆಯಿಂದ ತಿಳಿಯಬೇಕಾದ ಸಂಗತಿಯಲ್ಲ.

ಆಡಳಿತಕ್ಕೆ ಸಾಮರ್ಥ್ಯವಿಲ್ಲವೆ? ಇದೆ. ಕೇರಳದ ಮರಡು ಪಟ್ಟಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ನಾಲ್ಕು ವಸತಿ ಸಂಕೀರ್ಣಗಳನ್ನು ಮದ್ದಿಟ್ಟು ಕೆಡವಿದರು. ನೆರೆಯ ಮನೆಗಳವರು ಮೊದಲೇ ಪ್ರತಿಭಟಿಸಿದ್ದರು. ಅದರ ಫಲವಾಗಿ ಅವರ ಮನೆಗಳ ಸ್ಥಿತಿಯನ್ನು ಪರಿಶೀಲಿಸಿದರು, ವಿಮೆ ಮಾಡಿಸಿದರು, 200 ಮೀಟರ್ ಒಳಗಿನ ಜನರನ್ನು ಆ ಹೊತ್ತಿಗೆ ಬೇರೆಡೆಗೆ ಕಳಿಸಿದರು, ಮದರಾಸಿನ ಐ.ಐ.ಟಿ.ಯ ತಂಡ ನೆಲದ ಕಂಪನವನ್ನು ಅಳೆಯಿತು. 2022ರ ಆಗಸ್ಟ್ 28ರಂದು ನೋಯ್ಡಾದ ಜೋಡಿಗೋಪುರಗಳನ್ನು ಸುಮಾರು 3,700 ಕಿಲೋಗ್ರಾಂ ಸ್ಫೋಟಕದಿಂದ ಕೆಡವಿದಾಗಲೂ ನೆರೆಯವರಿಗಾಗಿ ಇಂಥ ಸಿದ್ಧತೆ ನಡೆಯಿತು. ಇಡೀ ದೇಶ ನೋಡುತ್ತಿರುವ ಸಿಡಿತಕ್ಕೆ ಕರ್ತೃವಿರುತ್ತಾನೆ. ಬೀದಿಯ ಕೊನೆಯಲ್ಲಿ ದಿನವೂ ಸಂಜೆ ನಾಲ್ಕಕ್ಕೆ ಆಗುವ ಸಿಡಿತಕ್ಕೆ ಇರುವುದಿಲ್ಲ. ವ್ಯತ್ಯಾಸವಿರುವುದು ವಿದ್ಯೆಯಲ್ಲಿ ಅಲ್ಲ, ನೋಡುವ ಕಣ್ಣುಗಳ ಸಂಖ್ಯೆಯಲ್ಲಿ.

"ನಮಗೆ ಅಧಿಕಾರವಿಲ್ಲ, ಹಣವಿಲ್ಲ" ಎಂಬುದು ಸ್ಥಳೀಯ ಸಂಸ್ಥೆಗಳ ಹಳೆಯ ಉತ್ತರ. ಮಧ್ಯಪ್ರದೇಶದ ರತ್ಲಾಮ್ ಪುರಸಭೆ ಚರಂಡಿಯ ವಿಷಯದಲ್ಲಿ ಇದೇ ಮಾತನ್ನು ಹೇಳಿತ್ತು. 1980ರಲ್ಲಿ ಸರ್ವೋಚ್ಚ ನ್ಯಾಯಾಲಯ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ತೀರ್ಪಿನಲ್ಲಿ, ಹಣದ ಕೊರತೆ ಕರ್ತವ್ಯದಿಂದ ತಪ್ಪಿಸಿಕೊಳ್ಳಲು ನೆವವಾಗದು ಎಂದು ಸ್ಪಷ್ಟಪಡಿಸಿತು. ಆ ಪ್ರಕರಣಕ್ಕೆ ಆಧಾರವಾದದ್ದು ಸಾರ್ವಜನಿಕ ಉಪದ್ರವವನ್ನು ತಡೆಯಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಡುವ ಕಲಮು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 152ನೆಯ ಕಲಮಾಗಿ ಉಳಿದುಬಂದಿದೆ. ಸ್ಫೋಟಕ್ಕೆ ಎಡೆಗೊಡಬಹುದಾದ ಕಟ್ಟಡ ಕಾರ್ಯವನ್ನು ತಡೆಯುವ ಮಾತೂ ಅದರಲ್ಲಿದೆ. ದಾರಿ ಇಲ್ಲವೆಂದಲ್ಲ, ದಾರಿಯನ್ನು ತೋರಿಸುವವರಿಲ್ಲ. ಸ್ಥಳೀಯ ಸಂಸ್ಥೆ ತಾನೇ ಆ ದಾರಿ ಹಿಡಿದು ಮ್ಯಾಜಿಸ್ಟ್ರೇಟರಿಗೆ ಬರೆಯಬಹುದು. ಬರೆಯುವುದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ.

ತನ್ನ ಕೈಯಲ್ಲಿರುವ ಪರವಾನಗಿಯಿಂದಲೇ ಸ್ಥಳೀಯ ಸಂಸ್ಥೆ ಇನ್ನೂ ಕೆಲವನ್ನು ಮಾಡಬಹುದು. ನಕ್ಷೆ ಮಂಜೂರು ಮಾಡುವ ಮೊದಲೇ ನೆಲದಲ್ಲಿ ಬಂಡೆಯಿದೆಯೇ, ಅದನ್ನು ತೆಗೆಯುವ ಕ್ರಮವೇನು ಎಂದು ಕೇಳಬಹುದು. ಯಂತ್ರದ ಸುತ್ತಿಗೆಯಿಂದ ಒಡೆಯುವುದು, ಕುಳಿಯಲ್ಲಿ ಹಿಗ್ಗುವ ರಾಸಾಯನಿಕ ಗಾರೆಯಿಂದ ಸೀಳುವುದು ಮೊದಲಾದ ಮದ್ದಿಲ್ಲದ ಕ್ರಮಗಳಿವೆ. ಮನೆಗಳು ತೀರ ಹತ್ತಿರವಿದ್ದಲ್ಲಿ ಅವನ್ನೇ ಬಳಸಬೇಕೆಂದು ಷರತ್ತು ಹಾಕಬಹುದು. ಮದ್ದು ಅನಿವಾರ್ಯವಾದರೆ ನೆರೆಮನೆಗಳ ಗೋಡೆಗಳನ್ನು ಮೊದಲೇ ನೋಡಿ ದಾಖಲೆ ಮಾಡಿಸಬಹುದು. ದಾಖಲೆಯ ಒಂದು ಪ್ರತಿ ಆ ಮನೆಯವರ ಕೈಯಲ್ಲಿರಬೇಕು. ಸಿಡಿತದ ದಿನ, ಹೊತ್ತು ಮುಂಚೆ ತಿಳಿಸಬಹುದು. ಪ್ರತಿ ಸಿಡಿತದ ಅಳತೆಯನ್ನು ಸಂಜೆಯೊಳಗೆ ನಿವೇಶನದ ಬಾಗಿಲಿನಲ್ಲಿ, ಜನ ಓದುವ ಕನ್ನಡದಲ್ಲಿ ಅಂಟಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ದೂರು ಬಂದರೆ ಉತ್ತರ ಕೊಡಬೇಕಾದ ಒಬ್ಬ ಅಧಿಕಾರಿಯ ಹೆಸರನ್ನು ಅಲ್ಲಿ ಬರೆಯಬಹುದು. ಯಾವ ತುಂಡು ಯಾರ ಕೈಯಲ್ಲಿದ್ದರೂ ಅವನ್ನು ಕೂಡಿಸುವ ಹೊಣೆ ಆ ಒಬ್ಬರದು.

ಇದರಿಂದ ಕಟ್ಟುವ ಕೆಲಸ ನಿಧಾನವಾಗುತ್ತದೆ, ಮನೆಯ ಬೆಲೆ ಏರುತ್ತದೆ ಎಂಬ ಆಕ್ಷೇಪವುಂಟು. ಅದರಲ್ಲಿ ನಿಜವೂ ಇದೆ. ಬೆಳೆಯುವ ಊರಿಗೆ ಮನೆಗಳು ಬೇಕು. ಕುಳಿ ಕೊರೆಯುವವನಿಗೂ ಅನ್ನ ಬೇಕು. ಅವನ ವಿಚಾರವನ್ನಂತೂ ನಾವು ಯಾರೂ ಅರ್ಜಿಯಲ್ಲಿ ಬರೆಯಲಿಲ್ಲ. ಸಿಡಿತಕ್ಕೆ ಎಲ್ಲರಿಗಿಂತ ಹತ್ತಿರ ನಿಲ್ಲುವವನು ಅವನೇ. ಆದರೆ ಉಳಿಸಿದ ಖರ್ಚು ಮಾಯವಾಗುವುದಿಲ್ಲ. ಕಟ್ಟುವವನ ಲೆಕ್ಕದಲ್ಲಿ ಕಾಣದ ವೆಚ್ಚ ನೆರೆಯವನ ಗೋಡೆಯಲ್ಲಿ ಕಾಣುತ್ತದೆ. ಅದನ್ನು ಯಾರು ಹೊರಬೇಕೆಂದು ಮೊದಲೇ ತೀರ್ಮಾನಿಸುವುದಕ್ಕೆ ಅಲ್ಲವೆ ಊರಿಗೊಂದು ಸಭೆ ಇರುವುದು?

ಆ ಸಭೆಯೇ ಇಲ್ಲದಿದ್ದರೆ? ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಅದು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಚುನಾವಣೆ ನಡೆಯಲೇ ಇಲ್ಲ. ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ನಗರಗಳಿಗೆ ವಾರ್ಡು ಸಮಿತಿಗಳನ್ನು ವಿಧಿಸಿದೆ, ಹಳ್ಳಿಗಳಿಗೆ ಗ್ರಾಮಸಭೆಯಿದೆ. ಬೀದಿಯ ಮಾತು ಆಡಳಿತದ ಕಿವಿಗೆ ತಲುಪಲೆಂದೇ ಇವನ್ನು ಮಾಡಿದ್ದು. ಇವು ಬರಿದಾಗಿದ್ದಾಗ ಅರ್ಜಿ ಗುಮಾಸ್ತೆಯ ಮೇಜಿಗೆ ಬರುತ್ತದೆ. ಗುಮಾಸ್ತೆ ಪಾಪ, ತನಗೆ ಬರುವ ವಾಕ್ಯವನ್ನು ಬರೆಯುತ್ತಾನೆ.

ನಮ್ಮ ಹೆಡ್‌ಮಾಸ್ತರರು ಎರಡನೆಯ ಅರ್ಜಿ ಬರೆದರು. ಅದರಲ್ಲಿ ಮೂರೇ ಪ್ರಶ್ನೆಗಳಿದ್ದವು: ಈ ಸಿಡಿತಕ್ಕೆ ಅನುಮತಿ ಕೊಟ್ಟವರು ಯಾರು? ಅಳೆದವರು ಯಾರು? ಅಳತೆ ಎಷ್ಟು? ಕೊನೆಯಲ್ಲಿ, ಉತ್ತರವನ್ನು ದಯವಿಟ್ಟು ಕರ್ತರಿ ಪ್ರಯೋಗದಲ್ಲಿ ಬರೆಯಬೇಕೆಂದು ವಿನಂತಿಸಿದ್ದರು. ಕಚೇರಿಯಲ್ಲಿ ಇದನ್ನು ಓದಿ ನಕ್ಕರೋ ಇಲ್ಲವೋ ತಿಳಿಯದು. ಹನ್ನೆರಡು ದಿನಗಳ ಮೇಲೆ ಒಬ್ಬ ಕಿರಿಯ ಎಂಜಿನಿಯರರು ಗುತ್ತಿಗೆದಾರನಿಂದ ಯಂತ್ರವೊಂದನ್ನು ತರಿಸಿ, ಮೂರು ಸಂಜೆ ಹೆಡ್‌ಮಾಸ್ತರರ ಜಗಲಿಯ ಮೇಲೆ ಇಡಿಸಿದರು. ಎರಡು ದಿನದ ಅಳತೆ ಮಿತಿಯ ಒಳಗಿತ್ತು. ಒಂದು ದಿನದ್ದು ಮೀರಿತ್ತು. ಆಮೇಲೆ ಮದ್ದಿನ ತೂಕ ಕಡಮೆಯಾಯಿತು. ಪಾತ್ರೆಗಳ ಸದ್ದೂ ಕಡಮೆಯಾಯಿತು. ಹೆಡ್‌ಮಾಸ್ತರರ ನಡುಮನೆಯ ಬಿರುಕು ಹಳೆಯದೋ ಹೊಸದೋ ಇತ್ಯರ್ಥವಾಗಲೇ ಇಲ್ಲ. ಮುಂಚೆ ನೋಡಿದವರು ಯಾರೂ ಇರಲಿಲ್ಲವಲ್ಲ. ಅದಕ್ಕೆ ಅವರೇ ಗಾರೆ ಮೆತ್ತಿಸಿಕೊಂಡರು.

ಆದರೆ ಆ ಎಂಜಿನಿಯರರು ಹೋಗುವ ಮುನ್ನ ಅಳತೆಯ ಹಾಳೆಯ ಕೆಳಗೆ ತಮ್ಮ ಕೈಯಿಂದಲೇ, "ಮೂರು ದಿನವೂ ನಾನು ಎದುರಿಗಿದ್ದು ನೋಡಿದ್ದೇನೆ" ಎಂದು ಬರೆದು, ಹೆಸರು ಹಾಕಿ, ರುಜು ಮಾಡಿಕೊಟ್ಟರು. ಹೆಡ್‌ಮಾಸ್ತರರು ಆ ಹಾಳೆಯನ್ನು ಮನೆಯ ಪತ್ರಗಳ ಜೊತೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.